ಮರಳಿಯವರು ಮರಳಿ ಬರುವುದಿಲ್ಲವಂತೆ

ನಮ್ಮ ಊರಿನ ಹೆಸರು ಮರಳಿ. ತರಗತಿಯಲ್ಲಿ ಈ ಹೆಸರನ್ನು ಹಿಡಿದು ಗೆಳೆಯರು ಮಾಡುವ ತಮಾಷೆ ನಿಮಗೆಲ್ಲ ಗೊತ್ತು. ಸಂಜೆ ಬಸ್ಸಿಗೆ ಹೊರಟರೆ ಸಾಕು, "ಮರಳಿಗೆ ಮರಳಿ ಹೊಂಟ್ರೇನು?" ಎನ್ನುತ್ತಾರೆ. ಈ ಸಲ ಆ ತಮಾಷೆಯನ್ನು ಮಾಡಿದ್ದು ಯುರೋಪಿನ ಒಂದು ದೇಶದ ವೀಸಾ ವಿಭಾಗ. ನಮ್ಮ ಅಬ್ಬಾ ಮತ್ತು ಅಮ್ಮಿಗೆ ಬಂದ ಪತ್ರದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿತ್ತು. ಅದರ ತಾತ್ಪರ್ಯ ಇಷ್ಟೇ: ವೀಸಾ ಅವಧಿ ಮುಗಿಯುವ ಮೊದಲು ನೀವು ಹಿಂತಿರುಗುತ್ತೀರಿ ಎಂಬುದರಲ್ಲಿ ನಮಗೆ ಸಂದೇಹವಿದೆ.

ಅಣ್ಣ ಅಲ್ಲಿ ಎಂ.ಎಸ್. ಮುಗಿಸಿದ್ದಾನೆ. ಅಕ್ಟೋಬರ್‌ನಲ್ಲಿ ಅವನ ಪದವಿ ಪ್ರದಾನ ಇತ್ತು. ಅವನು ಸಾಲ ಮಾಡಿ ಓದಿದವನು, ನಮ್ಮ ಮನೆತನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೊದಲಿಗ. ಹತ್ತು ದಿನದ ಮಟ್ಟಿಗೆ ಅಬ್ಬಾ, ಅಮ್ಮಿ ಹೋಗಿ ಬರಲಿ ಎಂಬುದು ಅವನ ಆಸೆ. ನಾನು ಇಲ್ಲಿ ಅರ್ಜಿ ತುಂಬುವವ, ಅವನು ಅಲ್ಲಿಂದ ಆಹ್ವಾನ ಪತ್ರ ಕಳಿಸುವವ. ಹೀಗೆ ನಾನು ಎರಡು ತಿಂಗಳು ಲೆಕ್ಕಶಾಸ್ತ್ರದ ಪುಸ್ತಕಕ್ಕಿಂತ ಹೆಚ್ಚು ವೀಸಾ ನಿಯಮಗಳನ್ನೇ ಓದಿದೆ.

ಮೊದಲು ನಿಯಮಗಳ ಬಗ್ಗೆ ಹೇಳಿಬಿಡುತ್ತೇನೆ. ನಮ್ಮಲ್ಲಿ 'ಯುರೋಪ್ ವೀಸಾ' ಅನ್ನುವುದು ಷೆಂಗೆನ್ ವೀಸಾ. 1985ರಲ್ಲಿ ಷೆಂಗೆನ್ ಎಂಬ ಊರಿನಲ್ಲಿ ಐದು ದೇಶಗಳು ಮಾಡಿಕೊಂಡ ಒಪ್ಪಂದ ಈಗ 29 ದೇಶಗಳಿಗೆ ಹಬ್ಬಿದೆ. ಒಂದು ವೀಸಾ ಸಿಕ್ಕರೆ ಸಾಮಾನ್ಯವಾಗಿ ಎಲ್ಲ ಕಡೆ ಓಡಾಡಬಹುದು, ಆದರೆ ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ವೀಸಾ ಕೊಡದಿದ್ದರೂ ಶುಲ್ಕ ವಾಪಸ್ ಇಲ್ಲ.

ಇಬ್ಬರ ಶುಲ್ಕ, ಅರ್ಜಿ ಕೇಂದ್ರದ ಸೇವಾ ಶುಲ್ಕ, ವಿಮೆ, ಕಾಗದಪತ್ರಗಳ ಇಂಗ್ಲಿಷ್ ಅನುವಾದ, ಬೆಂಗಳೂರಿಗೆ ರಾತ್ರಿ ಬಸ್ಸು, ಒಂದು ದಿನದ ರೂಮು. ನಮಗೆ ಒಟ್ಟು ಹದಿನೈದು ಚೀಲ ಭತ್ತದ ದುಡ್ಡು ಹೋಯಿತು. ಬೆರಳಚ್ಚು ಕೊಡಲು ಖುದ್ದಾಗಿ ಹೋಗಲೇಬೇಕು. ಅಬ್ಬಾನ ಬೆರಳನ್ನು ಯಂತ್ರ ನಾಲ್ಕು ಸಲ ಒಪ್ಪಲಿಲ್ಲ. ಪಡಿತರ ಅಂಗಡಿಯಲ್ಲೂ ಅದೇ ಪಾಡು, ಮೂವತ್ತು ವರ್ಷ ಕೆಸರಿನಲ್ಲಿ ಕೆಲಸ ಮಾಡಿದ ಬೆರಳು. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿ, ನಿಧಾನವಾಗಿ ಒತ್ತಿಸಿ, ಹೇಗೋ ತೆಗೆದುಕೊಂಡಳು. ಅವಳು ಒಳ್ಳೆಯವಳು, ಅದನ್ನು ಹೇಳಲೇಬೇಕು.

ಈಗ ನನ್ನ ತಕರಾರಿಗೆ ಬರುತ್ತೇನೆ. ಈ ಅರ್ಜಿಯನ್ನು ರೂಪಿಸಿದವರ ಕಣ್ಣೆದುರು ಒಬ್ಬ ಸಂಬಳದಾರ ಇದ್ದಾನೆ. ಪ್ರತಿ ತಿಂಗಳ ಒಂದನೇ ತಾರೀಖು ಖಾತೆಗೆ ಸಂಬಳ ಬರುತ್ತದೆ, ಕಂಪನಿ ರಜೆ ಮಂಜೂರಾತಿ ಪತ್ರ ಕೊಡುತ್ತದೆ, ಆದಾಯ ತೆರಿಗೆ ರಿಟರ್ನ್ಸ್ ಇರುತ್ತದೆ. ಇವೆಲ್ಲ ಇದ್ದವನು ಹಿಂತಿರುಗುತ್ತಾನೆ ಎಂದು ಅವರ ನಂಬಿಕೆ. ನಮ್ಮ ಅಬ್ಬಾಗೆ ವರ್ಷಕ್ಕೆ ಎರಡೇ ಸಲ ದುಡ್ಡು ಬರುತ್ತದೆ, ಎಡದಂಡೆ ಕಾಲುವೆ ನೀರು ಕೊಟ್ಟರೆ. ಮೇ ತಿಂಗಳಲ್ಲಿ ಭತ್ತ ಮಾರಿದ ದುಡ್ಡು ಖಾತೆಗೆ ಬಿತ್ತು, ಜೂನ್ ಮುಗಿಯುವಷ್ಟರಲ್ಲಿ ಗೊಬ್ಬರದಂಗಡಿಗೆ, ಟ್ರ್ಯಾಕ್ಟರ್ ಬಾಡಿಗೆಗೆ, ಹಳೆ ಸಾಲಕ್ಕೆ ಹೋಯಿತು. ಕೃಷಿ ಆದಾಯಕ್ಕೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಕೂಡ ಇಲ್ಲ. ರಜೆ ಪತ್ರ ಯಾರು ಕೊಡಬೇಕು, ಗದ್ದೆಯೇ?

ಆಮೇಲೆ ಭೂಮಿ. ನಾವು ಆರು ಎಕರೆ ಮಾಡುತ್ತೇವೆ. ಅದರಲ್ಲಿ ನಾಲ್ಕು ಲೀಜಿನದು, ಬಾಯಿಮಾತಿನ ಲೀಜು. ಸ್ವಂತದ ಎರಡು ಎಕರೆಯ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದೆ. ಅಜ್ಜ ತೀರಿಕೊಂಡು ಹನ್ನೊಂದು ವರ್ಷವಾಯಿತು. ಪೌತಿ ಖಾತೆ ಮಾಡಿಸೋಣ ಎಂದು ದೊಡ್ಡಬ್ಬಾ, ಅಬ್ಬಾ, ಚಾಚಾ ಮೂವರೂ ಪ್ರತಿ ಹಬ್ಬಕ್ಕೂ ಮಾತಾಡುತ್ತಾರೆ, ಬಿರಿಯಾನಿ ಉಂಡು ಏಳುತ್ತಾರೆ. ಪರಿಣಾಮ ಏನೆಂದರೆ, ಕಾಗದದ ಲೆಕ್ಕದಲ್ಲಿ ನಮ್ಮ ಅಬ್ಬಾಗೆ ಈ ಭೂಮಿಯ ಮೇಲೆ ಹಿಡಿ ಮಣ್ಣೂ ಇಲ್ಲ. ಅವರನ್ನು ಮರಳಿಗೆ ಎಳೆದು ತರುವಂಥದ್ದು ಏನೂ ಇಲ್ಲ ಎಂದು ದೂರದ ಅಧಿಕಾರಿ ತಿಳಿದರೆ, ಅವರ ಮುಂದಿದ್ದ ಕಾಗದಗಳೂ ಅದನ್ನೇ ಹೇಳುತ್ತಿದ್ದವು.

ಇನ್ನೊಂದು ತಪ್ಪು ನನ್ನದು. ಖಾತೆಯಲ್ಲಿ ದುಡ್ಡು ಕಾಣಬೇಕು ಎಂದು ಯಾವುದೋ ರೀಲ್ಸ್ ನೋಡಿ ನಾನೇ ಹಟ ಮಾಡಿದೆ. ಮಾಮು ಮೂರು ಲಕ್ಷ ಕೈಗಡ ಕೊಟ್ಟರು, ಅರ್ಜಿಗೆ ಹತ್ತು ದಿನ ಮೊದಲು ಖಾತೆಗೆ ಹಾಕಿದೆವು. ಖಾಲಿ ಖಾತೆಗಿಂತ ಇದೇ ಹೆಚ್ಚು ಅನುಮಾನ ತರುತ್ತದೆ ಎಂದು ಆಮೇಲೆ ಅಣ್ಣ ಹೇಳಿದ. ಭತ್ತ ಮಾರಿದ ದಲಾಲಿ ಅಂಗಡಿಯ ಪಟ್ಟಿಗಳು ಮನೆಯ ಟ್ರಂಕಿನಲ್ಲಿ ಐದು ವರ್ಷದ್ದು ಇದ್ದವು. ಅವನ್ನು ಜೋಡಿಸಿ, 'ನಮ್ಮದು ವರ್ಷಕ್ಕೆ ಎರಡು ಬೆಳೆಯ ಆದಾಯ' ಎಂದು ನೇರವಾಗಿ ಬರೆದಿದ್ದರೆ ವೀಸಾ ಸಿಗುತ್ತಿತ್ತೋ ಇಲ್ಲವೋ, ಬರೆದದ್ದು ಸತ್ಯವಾದರೂ ಆಗಿರುತ್ತಿತ್ತು.

ಪತ್ರದ ಅರ್ಥ ಹೇಳಿದಾಗ ಅಬ್ಬಾ ನಕ್ಕರು. ಮನೆಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: "ಪೈರು ಹೊಡೆ ಬಿಚ್ಚೋ ಹೊತ್ತಿನಾಗ ನಾ ಅಲ್ಲೇ ಕುಂತರ ನೀರು ಕಟ್ಟೋರು ಯಾರು?" ಅಮ್ಮಿ ನಗಲಿಲ್ಲ. ಅವರು ಹೊಸ ಚಪ್ಪಲಿ ತಂದಿಟ್ಟಿದ್ದರು.

ನಾನು ದಿನಾ ಯೋಚಿಸುವ ಇನ್ನೊಂದು ಸಂಗತಿ ಇದೆ. ಆನೆಗೊಂದಿ, ಸಣಾಪುರದ ಕಡೆ ಹೋದರೆ ಯುರೋಪಿನ ಹುಡುಗ ಹುಡುಗಿಯರು ಬಾಡಿಗೆ ಸ್ಕೂಟರ್‌ನಲ್ಲಿ ಭತ್ತದ ಗದ್ದೆಗಳ ನಡುವೆ ಓಡಾಡುತ್ತಾರೆ. ಅವರಲ್ಲಿ ಬಹುತೇಕರು ಬಂದಿರುವುದು ಇ-ವೀಸಾದಲ್ಲಿ. ಭಾರತ 2014ರ ನವೆಂಬರ್‌ನಲ್ಲಿ ಈ ವ್ಯವಸ್ಥೆ ಶುರು ಮಾಡಿತು. ಮನೆಯಲ್ಲೇ ಕೂತು ಫೋಟೊ, ಪಾಸ್‌ಪೋರ್ಟ್ ಪುಟ ಕಳಿಸಿದರೆ ಆಯಿತು. ಮೂವತ್ತು ದಿನದ್ದಕ್ಕೆ ಹೆಚ್ಚಿನ ದೇಶದವರಿಗೆ 25 ಡಾಲರ್, ಏಪ್ರಿಲ್‌ನಿಂದ ಜೂನ್‌ವರೆಗೆ 10 ಡಾಲರ್ (ನಮ್ಮ ಬಿಸಿಲಿಗೆ ರಿಯಾಯಿತಿ ಇರಬೇಕು). ಅವರು ಬರಲಿ, ನಮ್ಮವರಿಗೆ ನಾಲ್ಕು ಕಾಸು ಸಿಗುತ್ತದೆ. ಆದರೆ ನಮ್ಮ ಗದ್ದೆಯ ಫೋಟೊ ತೆಗೆಯಲು ಬರುವವರಿಗೆ ಬಾಗಿಲು ಅಷ್ಟು ಸಲೀಸು, ಆ ಗದ್ದೆ ಮಾಡುವವನು ಮಗನ ಪದವಿ ನೋಡಲು ಹೋಗುವುದು ಇಷ್ಟು ಕಷ್ಟ ಎಂಬುದು ನನಗೆ ಸರಿ ಕಾಣುವುದಿಲ್ಲ.

ಯಾರು ಒಳಗೆ ಬರಬೇಕು ಎಂದು ತೀರ್ಮಾನಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ. ಪ್ರವಾಸದ ವೀಸಾದಲ್ಲಿ ಹೋಗಿ ಅಲ್ಲೇ ಉಳಿಯುವವರೂ ಇದ್ದಾರೆ, ಅದನ್ನು ಅಲ್ಲಗಳೆಯಲಾರೆ. ಎಲ್ಲರಿಗೂ ಬಾಗಿಲು ಮುಚ್ಚಿಲ್ಲ ಎಂಬುದೂ ನಿಜ. 2024ರಲ್ಲಿ ಭಾರತದಿಂದ ಸುಮಾರು 11 ಲಕ್ಷ ಷೆಂಗೆನ್ ಅರ್ಜಿಗಳು ಹೋದವು, ಸುಮಾರು 1.65 ಲಕ್ಷ ತಿರಸ್ಕೃತವಾದವು. ಅಂದರೆ ನೂರಕ್ಕೆ ಎಂಬತ್ತೈದರಷ್ಟು ಮಂದಿಗೆ ಸಿಕ್ಕಿದೆ. ಅದೇ ವರ್ಷದ ಏಪ್ರಿಲ್‌ನಿಂದ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮದಂತೆ ಬಳಸಿದ ಭಾರತೀಯರಿಗೆ ಎರಡು ವರ್ಷದ, ಮುಂದೆ ಐದು ವರ್ಷದ ವೀಸಾ ಕೊಡುವ ಅನುಕೂಲವನ್ನೂ ಮಾಡಿದ್ದಾರೆ. ಆದರೆ ಮೊದಲ ವೀಸಾವೇ ಸಿಗದವನಿಗೆ ಇದರಿಂದ ಏನು ಉಪಯೋಗ?

ನಮ್ಮ ಉಪನ್ಯಾಸಕರೊಬ್ಬರು ಇದನ್ನೆಲ್ಲ ಕೇಳಿ, "ಯುರೋಪ್ ನಮ್ಮಂಥವರಿಗಲ್ಲ ಬಿಡಪ್ಪ, ಗಲ್ಫ್ ಇದೆಯಲ್ಲ" ಎಂದರು. ಪ್ರೀತಿಯಿಂದಲೇ ಹೇಳಿದರು, ಆದರೂ ನಾನು ಒಪ್ಪುವುದಿಲ್ಲ. ನಮ್ಮ ನಾನಿ ಗಂಗಾವತಿ ದಾಟಿ ಹೋದವರಲ್ಲ, ಅಕ್ಷರ ಬಾರದವರು. ಅವರು ಹಜ್ ಮಾಡಿ ಬಂದರು. ಹಜ್ ಸಮಿತಿ ಇತ್ತು, ಅರ್ಜಿ ತುಂಬಿಕೊಡುವ ಯುವಕರು ಇದ್ದರು, ತರಬೇತಿ ಶಿಬಿರ ಇತ್ತು, ಬೆಂಗಳೂರಿನ ಹಜ್ ಭವನದಲ್ಲಿ ಕೈಹಿಡಿದು ಕಳಿಸುವವರು ಇದ್ದರು. ಕಾಗದಪತ್ರದ ಕೆಲಸವನ್ನು ಹತ್ತು ಜನ ಸೇರಿ ಹೊತ್ತರೆ ಅಕ್ಷರ ಬಾರದ ಮುದುಕಿ ಕೂಡ ಸಮುದ್ರ ದಾಟುತ್ತಾರೆ. ಓದಲು ಹೋಗುವ ಹುಡುಗರಿಗೆ, ಹುಡುಗಿಯರಿಗೆ ಅಂಥವರು ಯಾರಿದ್ದಾರೆ? ಏಜೆಂಟರಿದ್ದಾರೆ. ಕಲಬುರಗಿಯ ಯುವಕರು ಏಜೆಂಟರ ಮಾತು ನಂಬಿ ಕೆಲಸಕ್ಕೆಂದು ರಷ್ಯಾಕ್ಕೆ ಹೋಗಿ, ಯುದ್ಧಭೂಮಿಗೆ ಬಿದ್ದು, 2024ರ ಸೆಪ್ಟೆಂಬರ್‌ನಲ್ಲಿ ಜೀವಸಹಿತ ಮನೆಗೆ ಬಂದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಆದ್ದರಿಂದ ನಮ್ಮ ಕಾಲೇಜಿನ ಆಡಳಿತ ಮಂಡಳಿಗೆ ನನ್ನದೊಂದು ಬೇಡಿಕೆ. ವರ್ಷಕ್ಕೆ ಎರಡು ದಿನ 'ಕಾಗದಪತ್ರ ದಿನ' ಮಾಡಿ. ಮೊದಲ ಕೆಲಸ ಹೆಸರಿನದು. ನಮ್ಮಲ್ಲಿ ಒಬ್ಬನೇ ಹುಡುಗ ಆಧಾರ್‌ನಲ್ಲಿ ಖಾಜಾಸಾಬ, ಅಂಕಪಟ್ಟಿಯಲ್ಲಿ ಖ್ವಾಜಾ, ಜನನ ಪ್ರಮಾಣಪತ್ರದಲ್ಲಿ ಖಾಜಾ ಹುಸೇನ. ನಮ್ಮ ಅಮ್ಮಿ ಒಂದು ಕಡೆ ಬೀ, ಇನ್ನೊಂದು ಕಡೆ ಬೇಗಂ. ಇದನ್ನು ಪಿಯು ಅಂಕಪಟ್ಟಿ ಮುದ್ರಣವಾಗುವ ಮೊದಲೇ ಸರಿಪಡಿಸುವುದು ಸುಲಭ, ಆಮೇಲೆ ಅಲೆದಾಟ. ಎರಡನೆಯದು ಪಾಸ್‌ಪೋರ್ಟ್. 36 ಪುಟದ್ದಕ್ಕೆ 1,500 ರೂಪಾಯಿ. ಹತ್ತನೇ ತರಗತಿ ಪಾಸಾಗಿದ್ದರೆ ಇಸಿಆರ್ ಮುದ್ರೆಯ ತೊಡಕೂ ಇಲ್ಲ. ಗಲ್ಫಿಗೆ ಹೋಗುವವರಿಗೂ ಇದು ಮುಖ್ಯ.

ಮೂರನೆಯದು ಓದುವವರಿಗೆ ನಿಜ ಮಾಹಿತಿ. ಜರ್ಮನಿಯಲ್ಲಿ ಓದು ಉಚಿತ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪಿಯುಸಿ ಮುಗಿಸಿದ ಮಾತ್ರಕ್ಕೆ ಅಲ್ಲಿ ಪದವಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗದು. ಇಲ್ಲಿ ಪದವಿಯ ಒಂದು ವರ್ಷ ಮುಗಿಸಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್ ಪಾಸಾಗಬೇಕು, ಅದೂ ಇಲ್ಲವೆಂದರೆ ಅಲ್ಲಿಯ ಪೂರ್ವಸಿದ್ಧತಾ ಕಾಲೇಜಿನಲ್ಲಿ ಓದಬೇಕು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಒಂದು ವರ್ಷದ ಖರ್ಚಿಗೆ 11,904 ಯೂರೋ ಮೊದಲೇ ಖಾತೆಯಲ್ಲಿ ಕಟ್ಟಿ ಇಡಬೇಕು, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದು. ಹತ್ತು ಲಕ್ಷ ರೂಪಾಯಿ ದಾಟುವ ಮೊತ್ತ. ಇದನ್ನು ದ್ವಿತೀಯ ಪಿಯುಸಿಯಲ್ಲೇ ತಿಳಿದರೆ ಮನೆಯವರು ಯೋಚಿಸಲು ನಾಲ್ಕು ವರ್ಷ ಸಿಗುತ್ತದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶಿ ವ್ಯಾಸಂಗ ಸಾಲದ ಬಗ್ಗೆಯೂ ಆ ದಿನ ಅಧಿಕಾರಿಗಳನ್ನು ಕರೆಸಿ ಹೇಳಿಸಬಹುದು.

ವೀಸಾ ಸಿಕ್ಕರೂ ಅದು ಪೂರ್ತಿ ಗ್ಯಾರಂಟಿ ಅಲ್ಲ ಎಂಬುದನ್ನೂ ಹೇಳಿಕೊಡಬೇಕು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಹಿಂತಿರುಗುವ ಟಿಕೆಟ್, ಉಳಿಯುವ ವಿಳಾಸ, ಕೈಯಲ್ಲಿರುವ ದುಡ್ಡು ಕೇಳಬಹುದು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಪಾಸ್‌ಪೋರ್ಟಿನ ಮುದ್ರೆಯ ಬದಲು ಪ್ರವೇಶ, ನಿರ್ಗಮನ ಎರಡನ್ನೂ ಕಂಪ್ಯೂಟರ್‌ನಲ್ಲೇ ದಾಖಲಿಸುತ್ತಿದ್ದಾರೆ. ಯಾರು ದಿನ ಮೀರಿ ಉಳಿದರು ಎಂಬುದು ಇನ್ನು ಮುಂದೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾದರೆ ಸಂದೇಹವೂ ಕಡಿಮೆಯಾಗಬೇಕಲ್ಲವೇ? ನೋಡೋಣ.

ಅಣ್ಣನ ಪದವಿ ಪ್ರದಾನವನ್ನು ನಾವು ಮೊಬೈಲ್‌ನಲ್ಲಿ ನೋಡಿದೆವು. ನಡುವೆ ಕರೆಂಟ್ ಹೋಗಿ ವೈಫೈ ನಿಂತಿತು, ಅವನು ವೇದಿಕೆ ಹತ್ತಿದ್ದು ಕಂಡಿತು, ಇಳಿದದ್ದು ಕಾಣಲಿಲ್ಲ. ಹಿಂದಿನ ವಾರ ಅಬ್ಬಾ, ದೊಡ್ಡಬ್ಬಾ, ಚಾಚಾ ಮೂವರೂ ಒಂದೇ ಬೈಕಿನಲ್ಲಿ ನಾಡ ಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಟ್ಟು ಬಂದರು. ಅಜ್ಜನ ಮರಣ ಪ್ರಮಾಣಪತ್ರದಲ್ಲಿ ಹೆಸರು ಒಂದಕ್ಷರ ಬೇರೆ ಇದೆಯಂತೆ, ತಿದ್ದಿಸಿಕೊಂಡು ಬನ್ನಿ ಎಂದಿದ್ದಾರೆ. ಸೋಮವಾರ ನಾನೂ ಹೋಗುತ್ತೇನೆ.