ಎದುರುಗಾಳಿಯ ಉಪಕಾರ

ಉಣಕಲ್ ಕೆರೆಯ ದಂಡೆಯಲ್ಲಿ ಬೆಳ್ಳಕ್ಕಿಗಳು ಇಳಿಯುವುದನ್ನು ಗಮನಿಸಿದ್ದೀರಾ? ಗಾಳಿ ಜೋರಾಗಿದ್ದರೆ ಅವು ಗಾಳಿಗೆ ಮುಖಮಾಡಿ ಇಳಿಯುತ್ತವೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಬರುವ ವಿಮಾನಗಳದೂ ಸಾಮಾನ್ಯವಾಗಿ ಇದೇ ರೀತಿ. ಅಲ್ಲಿನ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿದೆ. ಮಳೆಗಾಲದ ಪಶ್ಚಿಮದ ಗಾಳಿಗೆ ಎದುರಾಗಿ ಇಳಿಯಬೇಕಾದರೆ ವಿಮಾನ ಪೂರ್ವದ ಕಡೆಯಿಂದ ಬರಬೇಕು.

ಇದೇಕೆ? ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗವೇ ಹೊರತು ನೆಲದ ಮೇಲಿನ ವೇಗವಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ. ರೆಕ್ಕೆಗೆ ಗಂಟೆಗೆ 200 ಕಿ.ಮೀ. ವೇಗ ಬೇಕು, ಗಾಳಿಯ ವೇಗ 20 ಕಿ.ಮೀ. ಎನ್ನಿ. ಗಾಳಿ ಎದುರಿನಿಂದ ಬಂದರೆ ನೆಲದ ಮೇಲಿನ ವೇಗ 180. ಬೆನ್ನಿಗೆ ಬಂದರೆ 220. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ, ಎರಡನೆಯ ಸಲ ಬ್ರೇಕುಗಳು ತಡೆಯಬೇಕಾದ ಶಕ್ತಿ ಸುಮಾರು ಒಂದೂವರೆ ಪಟ್ಟು!

ಹಾಗಾದರೆ ಎದುರುಗಾಳಿಯಲ್ಲಿ ಪೈಲಟ್ ಇನ್ನಷ್ಟು ನಿಧಾನವಾಗಿ ಬರಬಹುದೇ? ಇಲ್ಲ. ನೆಲಕ್ಕೆ ಹತ್ತಿರವಾದಂತೆ ಗಾಳಿಯ ವೇಗ ತಗ್ಗುತ್ತದೆ. ಎದುರುಗಾಳಿ ಥಟ್ಟನೆ ಕುಗ್ಗಿದರೆ ರೆಕ್ಕೆಯ ಮೇಲಿನ ಹರಿವೂ ಕುಗ್ಗಿ ವಿಮಾನ ಕುಸಿಯುತ್ತದೆ. ಆದ್ದರಿಂದ ಗಾಳಿಗೆ ತಕ್ಕಂತೆ ವೇಗವನ್ನು ತುಸು ಹೆಚ್ಚಿಸಿಕೊಂಡಿರುತ್ತಾರೆ. ಅನೇಕ ಜೆಟ್ ವಿಮಾನಗಳಲ್ಲಿ ಎದುರುಗಾಳಿಯ ಅರ್ಧದಷ್ಟು ವೇಗವನ್ನೂ, ರಭಸದ ಬೀಸುಗಳಿಗಾಗಿ ಇನ್ನಷ್ಟನ್ನೂ ಕೂಡಿಸುವ ರೂಢಿಯಿದೆ. ಅದಕ್ಕೂ ಮಿತಿಯುಂಟು, ವೇಗ ಅತಿಯಾದರೆ ವಿಮಾನ ನೆಲಮುಟ್ಟದೆ ತೇಲುತ್ತ ರನ್‌ವೇಯನ್ನೇ ನುಂಗಿಬಿಡುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳದ ಕೋಳಿಕ್ಕೋಡ್ ಸಾಕ್ಷಿ. 2020ರ ಆಗಸ್ಟ್ 7ರಂದು ದುಬೈನಿಂದ ಬಂದ ವಿಮಾನ ಮಳೆಯಲ್ಲಿ, ಬೆನ್ನಗಾಳಿಯೊಡನೆ, ರನ್‌ವೇಯ ಸುಮಾರು ಅರ್ಧ ದಾಟಿದ ಮೇಲೆ ನೆಲಮುಟ್ಟಿತು. ನಿಲ್ಲಲಾಗದೆ ಇಳಿಜಾರಿಗೆ ಉರುಳಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಅಸುನೀಗಿದರು.

ಇಳಿಯುವ ಹೊತ್ತಿನಲ್ಲಿ ವೇಗವಾಗಲಿ ಎತ್ತರವಾಗಲಿ ಹೊಂದದಿದ್ದರೆ ಮತ್ತೆ ಮೇಲೇರಿ ಒಂದು ಸುತ್ತು ಹಾಕುವುದೇ ಸರಿಯಾದ ದಾರಿ. ಮಕ್ಕಳೊಡನೆ ಪ್ರಯಾಣಿಸುವಾಗ ವಿಮಾನ ಹಾಗೆ ಥಟ್ಟನೆ ಮೇಲೇರಿದರೆ ಪಾಲಕರು ಗಾಬರಿಯಾಗಬೇಕಿಲ್ಲ. ಹತ್ತು ನಿಮಿಷ ತಡವಾದೀತು, ಅಷ್ಟೇ. ಕೆರೆಯ ಬೆಳ್ಳಕ್ಕಿಯೂ ಜಾಗ ಸರಿಹೋಗದಿದ್ದರೆ ಮತ್ತೊಂದು ಸುತ್ತು ಹಾಕುವುದಿಲ್ಲವೇ?