ಮಾಣಿಕ್ಯಧಾರೆಯ ಬಟ್ಟೆ, ಏರ್ವಾಡಿಯ ಸರಪಳಿ

ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಗೆ ಹೋದವರು ಅಲ್ಲಿಂದ ಮುಂದಕ್ಕೆ ಮಾಣಿಕ್ಯಧಾರೆಗೂ ಹೋಗುತ್ತಾರೆ. ಬಂಡೆಯ ಮೇಲಿಂದ ಎಳೆಎಳೆಯಾಗಿ ಇಳಿಯುವ ನೀರಿನ ಕೆಳಗೆ ನಿಂತು ಮೈ ತೋಯಿಸಿಕೊಂಡು, ಮೈಮೇಲಿನ ಬಟ್ಟೆಯೊಂದನ್ನು ಅಲ್ಲೇ ಬಿಟ್ಟು ಬರುತ್ತಾರೆ. ರೋಗವೂ ಪೀಡೆಯೂ ಆ ಬಟ್ಟೆಯ ಜೊತೆಗೇ ಅಲ್ಲಿ ಉಳಿದುಬಿಡುತ್ತದೆ ಎಂಬುದು ನಂಬಿಕೆ. ಬುರ್ಖಾದವರೂ ಕುಂಕುಮದವರೂ ಒಂದೇ ನೀರಿಗೆ ತಲೆಯೊಡ್ಡುತ್ತಾರೆ. ನೀರು ಯಾರ ಹೆಸರನ್ನೂ ಕೇಳುವುದಿಲ್ಲ.

ಹೆಸರು ಕೇಳುವವರು ಬೇರೆ ಇದ್ದಾರೆ. ಇದೆಲ್ಲ ಮೌಢ್ಯ, ನಿಲ್ಲಿಸಿ ಎನ್ನುವ ವಿಚಾರವಾದಿಗಳು ಒಂದು ಕಡೆ. ಇದು ಶಿರ್ಕ್, ಅತ್ತ ಕಾಲಿಡಬೇಡಿ ಎನ್ನುವ ನಮ್ಮ ಧರ್ಮೋಪದೇಶಕರು ಇನ್ನೊಂದು ಕಡೆ. ಇದು ನಮ್ಮ ತೀರ್ಥ, ಇಲ್ಲಿಂದ ಹಸಿರು ಬಾವುಟ ಕಿತ್ತು ಶುದ್ಧ ಮಾಡುತ್ತೇವೆ ಎಂದು ಮಾಲೆ ಧರಿಸಿ ಬೆಟ್ಟ ಹತ್ತುವವರು ಮಗದೊಂದು ಕಡೆ. ಈ ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆದರೂ ಒಂದು ವಿಷಯದಲ್ಲಿ ಮೂವರೂ ಒಂದೇ. ಅಲ್ಲಿ ಮಿಂದು ನಡುಗುತ್ತ ನಿಂತ ಹೆಂಗಸನ್ನು ಯಾಕೆ ಬಂದೆ ತಾಯಿ ಎಂದು ಇವರಲ್ಲಿ ಯಾರೂ ಕೇಳಿದಂತಿಲ್ಲ.

ಕೇಳಿದ್ದರೆ ಗೊತ್ತಾಗುತ್ತಿತ್ತು. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿಲ್ಲ, ಗಂಡ ಪರೀಕ್ಷೆಗೆ ಒಪ್ಪುವುದಿಲ್ಲ. ಮಗನಿಗೆ ಫಿಟ್ಸು, ಮಾತ್ರೆ ತರಲು ದಿನದ ಕೂಲಿ ಬಿಟ್ಟು ಪಟ್ಟಣಕ್ಕೆ ಹೋಗಬೇಕು. ಮಗಳು ರಾತ್ರಿಯೆಲ್ಲ ಒಬ್ಬಳೇ ಮಾತಾಡುತ್ತಾಳೆ, ಹೊರಗೆ ಹೇಳಿದರೆ ಸಂಬಂಧ ಕೂಡಿಬರುವುದಿಲ್ಲ. ಹರಕೆಯ ಜಾಗಗಳಿಗೆ ಬರುವವರ ಕಷ್ಟಗಳು ಬಹುಪಾಲು ಇಂಥವೇ. ಚಿಂತಾಮಣಿ ತಾಲೂಕಿನ ಮುರುಗಮಲ್ಲೆಯ ದರ್ಗಾಕ್ಕೆ ಎಲ್ಲ ಜಾತಿಯವರೂ ಬರುವುದು, ಊರೂರಿನ ದರ್ಗಾಗಳ ಪಕ್ಕದ ಮರಗಳಲ್ಲಿ ಪುಟ್ಟ ತೊಟ್ಟಿಲುಗಳು ತೂಗುವುದು ಇದಕ್ಕೇ. ಆಸ್ಪತ್ರೆಯಲ್ಲಿ ಚೀಟಿ ಬರೆಸಲು ಸಾಲಿನಲ್ಲಿ ನಿಂತವಳು ಇಲ್ಲಿ ಒಂದು ದಾರ ಕಟ್ಟಿ ಮನಸ್ಸು ಹಗುರ ಮಾಡಿಕೊಳ್ಳುತ್ತಾಳೆ. ಇದನ್ನು ಬರೀ ಅಜ್ಞಾನ ಎನ್ನುವವರಿಗೆ ಅಜ್ಞಾನದ ಪರಿಚಯ ಇದ್ದೀತು, ಬಡತನದ ಪರಿಚಯ ಇಲ್ಲ.

ಇದು ನಮ್ಮ ನಾಡಿನ ಹಿಂದುಳಿದಿರುವಿಕೆಯ ಗುರುತು ಎಂದುಕೊಂಡವರು ಉತ್ತರ ಸ್ಕಾಟ್ಲೆಂಡಿನ ಮನ್‌ಲಾಕಿ ಎಂಬ ಊರಿನ ಊಟೆಯನ್ನು ನೋಡಬೇಕು. ಬಟ್ಟೆಯ ಚೂರನ್ನು ಆ ನೀರಿನಲ್ಲಿ ಅದ್ದಿ, ನೋವಿರುವಲ್ಲಿ ಒತ್ತಿ, ಸುತ್ತಲಿನ ಮರಗಳಿಗೆ ಕಟ್ಟುತ್ತಾರೆ. ಬಟ್ಟೆ ಕೊಳೆಯುತ್ತ ಬಂದಂತೆ ರೋಗವೂ ಕರಗುತ್ತದಂತೆ. ಅಲ್ಲಿಯೂ ಸುಧಾರಕರು ಸುಮ್ಮನಿರಲಿಲ್ಲ. ಬಾವಿ, ಊಟೆಗಳಿಗೆ ಯಾತ್ರೆ ಹೋಗುವುದನ್ನು 1581ರಲ್ಲೇ ಅಲ್ಲಿನ ಪಾರ್ಲಿಮೆಂಟು ಕಾಯಿದೆ ಮಾಡಿ ನಿಷೇಧಿಸಿತ್ತು. ನಾಲ್ಕು ಶತಮಾನ ಕಳೆದಿದೆ, ಮರಗಳಲ್ಲಿ ಬಟ್ಟೆ ಇನ್ನೂ ಇದೆ. ಬದಲಾಗಿರುವುದು ಬಟ್ಟೆ ಮಾತ್ರ. ಹತ್ತಿ, ಉಣ್ಣೆ ಹೋಗಿ ನೈಲಾನು ಬಂದಿದೆ, ಅದು ಕೊಳೆಯುವುದಿಲ್ಲ. ಮಾಣಿಕ್ಯಧಾರೆಯಲ್ಲಿ ರಾಶಿ ಬೀಳುವುದೂ ಇದೇ ಕೊಳೆಯದ ಬಟ್ಟೆ. ಆ ನಂಬಿಕೆಯ ಲೆಕ್ಕದಲ್ಲೇ ಹೇಳುವುದಾದರೆ ಇಷ್ಟೂ ಜನರ ರೋಗ ಕರಗದೆ ಅಲ್ಲೇ ಬಿದ್ದಿದೆ!

ಈ ಜಾಗಗಳನ್ನು ನಾವು ಸಮರ್ಥಿಸುವುದಕ್ಕೆ ದೊಡ್ಡ ಕಾರಣ ಬೇರೆಯೇ ಇದೆ. ನಮ್ಮ ಹಳ್ಳಿಗಳಲ್ಲಿ ಜಾತಿ ಅತ್ಯಂತ ಕ್ರೂರವಾಗಿ ಕಾಣಿಸಿಕೊಂಡದ್ದು ಬಾವಿಯ ಕಟ್ಟೆಯ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾಡಿನ ಚೌದಾರ್ ಕೆರೆಗಿಳಿದು ಒಂದು ಬೊಗಸೆ ನೀರು ಕುಡಿದದ್ದಕ್ಕೆ ಹಲ್ಲೆ ನಡೆಯಿತು. ಆಮೇಲೆ ಆ ಕೆರೆಯನ್ನು 'ಶುದ್ಧ' ಮಾಡಿದರು. ಇಂಥ ನಾಡಿನಲ್ಲಿ ದರ್ಗಾದ ತೊಟ್ಟಿಯ ನೀರಿಗೆ ಹೊಲೆಯನೂ ಗೌಡನೂ ಒಂದೇ ಬೊಗಸೆ ಒಡ್ಡಿದ್ದಾನೆ. ರಹಮತ್ ತರೀಕೆರೆಯವರು 'ಕರ್ನಾಟಕದ ಸೂಫಿಗಳು' ಬರೆಯಲು ನಾಡೆಲ್ಲ ಸುತ್ತಿದರು. ಯಾವುದೇ ಉರುಸಿಗೆ ಹೋಗಿ ಅರ್ಧ ದಿನ ಕೂತವರಿಗೂ ಈ ಬೆರಕೆ ಕಣ್ಣಿಗೆ ಬೀಳುತ್ತದೆ. ಶುದ್ಧೀಕರಣದ ಮಾತಾಡುವವರು, ಅವರು ಯಾವ ಬಣ್ಣದವರೇ ಆಗಿರಲಿ, ಮೊದಲು ತೊಳೆದುಹಾಕುವುದು ಈ ಬೆರಕೆಯನ್ನೇ. ಬಾಬಾಬುಡನ್‌ಗಿರಿಯ ಗವಿಯಲ್ಲಿ ಯಾರು ಯಾವ ವಿಧಿ ನಡೆಸಬೇಕು ಎಂದು ದಶಕಗಳಿಂದ ಕೋರ್ಟು ಕಚೇರಿಗಳಲ್ಲಿ ವಾದ ನಡೆದಿದೆ. ಆ ಕಡತಗಳಲ್ಲಿ ಹಿಂದೂ ಇದ್ದಾನೆ, ಮುಸ್ಲಿಮ್ ಇದ್ದಾನೆ. ಎರಡೂ ಕಡೆಯವರನ್ನು ಒಟ್ಟಿಗೆ ಅಲ್ಲಿಗೆ ಕರೆತಂದ ಕಾಯಿಲೆಗೆ ಮಾತ್ರ ಅದರಲ್ಲಿ ಜಾಗವಿಲ್ಲ.

ನಮ್ಮವರ ವಿಷಯಕ್ಕೆ ಬರೋಣ. ಗೋರಿಯಲ್ಲಿ ಮಲಗಿದವರ ಬಳಿ ಬೇಡಬಹುದೇ ಎಂಬುದು ಅಖೀದೆಯ ಪ್ರಶ್ನೆ. ಉಲಮಾಗಳು ಶತಮಾನಗಳಿಂದ ಅದನ್ನು ಚರ್ಚಿಸುತ್ತಲೇ ಬಂದಿದ್ದಾರೆ, ನಾವು ಇಲ್ಲಿ ಫತ್ವಾ ಕೊಡಲು ಕುಳಿತಿಲ್ಲ. ಕಬರಿನ ಮುಂದೆ ಕೈಯೊಡ್ಡಬಾರದು ಎನ್ನುವವರ ನಿಷ್ಠೆಯನ್ನೂ ನಾವು ಗೌರವಿಸುತ್ತೇವೆ. ಆದರೆ ಶುಕ್ರವಾರದ ಪ್ರವಚನದಲ್ಲಿ ದಾರ ಕಟ್ಟಿದ ಹೆಂಗಸಿನ ಮೇಲೆ ಹರಿಹಾಯುವ ಗಂಟಲು, ಆ ದಾರಕ್ಕೆ ಹಣ ಎಣಿಸಿಕೊಂಡವನ ಎದುರು ಯಾಕೆ ಒಣಗುತ್ತದೆ? ಪರೀಕ್ಷೆಗೆ ಒಪ್ಪದೆ ಎರಡನೇ ಮದುವೆಗೆ ಹೊರಟ ಗಂಡನ ವಿಷಯದಲ್ಲಿ ಯಾಕೆ ಮೌನ? ಇನ್ನೊಂದು ಕಡೆ ದರ್ಗಾದ ಪರ ನಿಂತವರು. ಔಲಿಯಾಗಳ ಕರಾಮತ್ತಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಇವರು ದರ್ಗಾದ ನೆರಳಲ್ಲಿ ನಡೆಯುವ ವ್ಯಾಪಾರದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇಬ್ಬರಿಗೂ ನಾವು ಏರ್ವಾಡಿಯನ್ನು ನೆನಪಿಸಬೇಕಾಗಿದೆ.

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ ದರ್ಗಾಕ್ಕೆ ಮನೋರೋಗಿಗಳನ್ನು ಕರೆದೊಯ್ಯುವುದು ಬಹಳ ಹಳೆಯ ವಾಡಿಕೆ. ಅಲ್ಲಿನ ನೀರು ಮತ್ತು ದೀಪದ ಎಣ್ಣೆಯೇ ಔಷಧ. ಗುಣವಾಗುವ ಕನಸು ಬೀಳುವವರೆಗೆ ಕಾಯಬೇಕು. ಕಾಯುವುದು ತಿಂಗಳುಗಳಾದಾಗ, ವರ್ಷಗಳಾದಾಗ ಮನೆಯವರು ಜೊತೆಗಿರಲಾಗದೆ ಹೊರಟುಹೋದರು. ಬಿಟ್ಟುಹೋದವರನ್ನು ಇಟ್ಟುಕೊಳ್ಳಲು ಸುತ್ತಮುತ್ತ ಖಾಸಗಿ 'ಆಶ್ರಯ'ಗಳು ಹುಟ್ಟಿಕೊಂಡವು. ದುಡ್ಡು ತಿಂಗಳಿಗೆ ಇಷ್ಟು, ಕಾಲಿಗೆ ಸರಪಳಿ, ತಲೆಯ ಮೇಲೆ ಚಪ್ಪರ. 2001ರ ಆಗಸ್ಟ್ 6ರ ಮುಂಜಾನೆ ಅಂಥದೊಂದು ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಎದ್ದು ಓಡಲಾಗಲಿಲ್ಲ. 28 ಜನ ಸತ್ತರು. ಹೆಂಗಸರೂ ಇದ್ದರು.

ಸುಪ್ರೀಂ ಕೋರ್ಟು ತಾನಾಗಿಯೇ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು, ಅಂಥ ಆಶ್ರಯಗಳನ್ನು ಮುಚ್ಚಿಸಲಾಯಿತು. ಅವರನ್ನು ಸುಟ್ಟದ್ದು ಶ್ರದ್ಧೆ ಎಂದು ಆಗ ಬರೆದವರುಂಟು. ಸುಟ್ಟದ್ದು ಶ್ರದ್ಧೆಯಲ್ಲ, ಸರಪಳಿ. ಆ ಸರಪಳಿಯನ್ನು ಹೊಸೆದ ಕೈಗಳು ಬಹಳ. ರೋಗಿಯನ್ನು ಬಿಟ್ಟುಹೋದ ಬಂಧುಗಳದ್ದಿದೆ, ಪಕ್ಕದಲ್ಲೇ ನಡೆಯುತ್ತಿದ್ದುದನ್ನು ಕಂಡೂ ಕಾಣದಂತಿದ್ದವರದ್ದಿದೆ, ಪರವಾನಗಿ ಬೇಕೆನ್ನುವ 1987ರ ಕಾಯಿದೆಯನ್ನು ಬೀರುವಿನಲ್ಲಿಟ್ಟ ಸರಕಾರದ್ದಿದೆ.

ಮರುವರ್ಷವೇ, 2002ರಲ್ಲಿ, ನಮ್ಮ ಬೆಂಗಳೂರಿನ ನಿಮ್ಹಾನ್ಸಿನ ರಘುರಾಮ್ ಮತ್ತು ಸಂಗಡಿಗರ ಅಧ್ಯಯನವೊಂದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡ 31 ರೋಗಿಗಳನ್ನು ಅವರು ಪರೀಕ್ಷಿಸಿದ್ದರು. ವಿಶೇಷ ಚಿಕಿತ್ಸೆಯೇನೂ ಇಲ್ಲದೆ ಅವರ ಕಾಯಿಲೆಯ ತೀವ್ರತೆ ಸರಾಸರಿ ಶೇಕಡಾ 20ರಷ್ಟು ಇಳಿದಿತ್ತು. ಆ ವೈದ್ಯರು ಇದನ್ನು ಪವಾಡ ಎನ್ನಲಿಲ್ಲ. ಬೆದರಿಕೆಯಿಲ್ಲದ, ಆಸರೆ ಕೊಡುವ ವಾತಾವರಣದ ಫಲ ಎಂದರು. ಗುಡಿಯ ಜಾಗದಲ್ಲಿ ದರ್ಗಾ ಇದ್ದಿದ್ದರೂ ಮಾತು ಇದೇ ಆಗುತ್ತಿತ್ತು. ಅಂದರೆ ಆ ಜಾಗಕ್ಕೆ ಒಂದು ಶಕ್ತಿ ಇದೆ. ಅದು ಮನುಷ್ಯರನ್ನು ಮನುಷ್ಯರಂತೆ ಕಾಣುವ ಶಕ್ತಿ. ಏರ್ವಾಡಿಯ ಆ ಚಪ್ಪರದಲ್ಲಿ ಇಲ್ಲದೇ ಹೋದದ್ದು ಅದೇ.

ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದಾರಿಯೊಂದನ್ನು ಕಂಡುಕೊಂಡರು. ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂತರು, ಮುಜಾವರರೇ ಯಾತ್ರಿಕರನ್ನು ಅವರ ಬಳಿಗೆ ಕಳಿಸಿದರು. ದುವಾ ಇವರದು, ದವಾ ಅವರದು. ಏರ್ವಾಡಿಗೂ ಮುಂದೆ ಇದೇ ಕ್ರಮ ಬಂತು. ದರ್ಗಾದ ಮಾತನ್ನು ನಂಬುವವನಿಗೆ ದರ್ಗಾವೇ ಮಾತ್ರೆ ನುಂಗು ಎಂದರೆ ಅವನು ನುಂಗುತ್ತಾನೆ. ಇಷ್ಟು ಸರಳವಾದದ್ದನ್ನು ಕರ್ನಾಟಕದ ನಮ್ಮ ದರ್ಗಾ ಸಮಿತಿಗಳು ತಾವಾಗಿ ಯಾಕೆ ಕೈಗೆತ್ತಿಕೊಳ್ಳಬಾರದು? ಜಿಲ್ಲೆಗಳಿಗೆ ಮನೋವೈದ್ಯ ಸೇವೆ ಒಯ್ಯುವ ಪ್ರಯೋಗವನ್ನು ಇಡೀ ದೇಶಕ್ಕೆ ಮಾದರಿಯಾಗಿ 1980ರ ದಶಕದಲ್ಲೇ ಬಳ್ಳಾರಿಯಲ್ಲಿ ನಡೆಸಿದ ನಾಡು ಇದು. ಉರುಸಿನ ಮೆರವಣಿಗೆಗೆ, ಕವ್ವಾಲಿಗೆ, ದೀಪಾಲಂಕಾರಕ್ಕೆ ಹಣ ಹುಟ್ಟುತ್ತದೆ. ವಾರಕ್ಕೊಮ್ಮೆ ಬರುವ ವೈದ್ಯರಿಗೆ ಒಂದು ಕುರ್ಚಿ, ಒಂದು ಮೇಜು ಹುಟ್ಟುವುದಿಲ್ಲವೇ?

ಕಾನೂನು ಅಡ್ಡ ಬರುತ್ತದೆ ಎನ್ನುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯನ್ನು ಯಾವ ಬಗೆಯಲ್ಲೂ ಸರಪಳಿಯಲ್ಲಿ ಕಟ್ಟಕೂಡದು ಎನ್ನುತ್ತದೆ. ಆಮೇಲೂ ಉತ್ತರಪ್ರದೇಶದ ಬದಾಯೂಂನಲ್ಲಿ ಸರಪಳಿ ಸಿಕ್ಕಿ 2019ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಛೀಮಾರಿ ಹಾಕಬೇಕಾಯಿತು. ನಮ್ಮ ರಾಜ್ಯ 2017ರಲ್ಲಿ ಅಂಗೀಕರಿಸಿ 2020ರಲ್ಲಿ ಜಾರಿಗೆ ತಂದ ಮೌಢ್ಯಾಚರಣೆ ವಿರೋಧಿ ಕಾಯಿದೆ ಗುಡಿ, ದರ್ಗಾಗಳ ಪ್ರಾರ್ಥನೆಯನ್ನು ಮುಟ್ಟಿಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದನ್ನು, ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಬಿಡದೆ ಮಂತ್ರಿಸುವುದನ್ನು ಅಪರಾಧ ಎಂದಿದೆ. ಈ ಗೆರೆ ಸರಿಯಾಗಿಯೇ ಇದೆ. ಗೆರೆಯ ಆಚೆ ಕೈ ಚಾಚುವವನನ್ನು ಪೊಲೀಸರಿಗೆ ಹಿಡಿದುಕೊಡುವ ಕೆಲಸ ಮೊದಲು ನಮ್ಮದಾಗಬೇಕು, ಬೇರೆಯವರು ಅದನ್ನು ಕೋಮು ಪ್ರಶ್ನೆ ಮಾಡುವ ಮುನ್ನ.

ನೀರಿನ ವಿಷಯವೂ ಒಂದಿದೆ. ಗುಣಪಡಿಸುವ ಬಾವಿಯೇ ಕಾಯಿಲೆ ಕೊಟ್ಟದ್ದೂ ಉಂಟು. ಹಿಂದೆ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳನ್ನು ಕಾಡಿದ ನಾರುಹುಣ್ಣು ಹಬ್ಬಿದ್ದು ಮೆಟ್ಟಿಲು ಬಾವಿಗಳಿಂದ. ಹುಣ್ಣಿರುವ ಕಾಲು ನೀರಿಗಿಳಿದರೆ ಹುಳುವಿನ ಮರಿಗಳು ಆ ನೀರು ಸೇರುತ್ತಿದ್ದವು, ಅದನ್ನು ಕುಡಿದವನಿಗೆ ವರ್ಷದೊಳಗೆ ಮೊಳಗಟ್ಟಲೆ ಹುಳು. ಅದಕ್ಕೆ ಲಸಿಕೆ ಇರಲಿಲ್ಲ, ಮದ್ದೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಸಿ, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿಸಿ ಅದನ್ನು ಓಡಿಸಿದರು. 1996ರ ನಂತರ ದೇಶದಲ್ಲಿ ಒಂದು ಪ್ರಕರಣವೂ ಇಲ್ಲ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರವೂ ಬಂತು. ಬಾವಿಯನ್ನು ಯಾರೂ ಬೈಯಲಿಲ್ಲ, ದುರಸ್ತಿ ಮಾಡಿದರು. ಈಗ ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೆರೆದ ಬಾವಿಗಳೇ ಬತ್ತಿ, ಸಾವಿರ ಅಡಿಯ ಕೊಳವೆಬಾವಿಯಿಂದ ಫ್ಲೋರೈಡ್ ನೀರು ಮೇಲೆ ಬರುತ್ತಿದೆ. ಬಾವಿ ಯಾರ ಧರ್ಮದ್ದೆಂದು ಜಗಳಾಡುವವರು ಒಮ್ಮೆ ಬಗ್ಗಿ ಒಳಗೆ ನೋಡಲಿ, ನೀರಿದೆಯೇ ಎಂದು.

ಮಾಣಿಕ್ಯಧಾರೆಯಲ್ಲಿ ಈಗಲೇ ಮಾಡಬಹುದಾದ ಕೆಲಸವಿದೆ. ಮಿಂದ ಹೆಂಗಸರು ಬಟ್ಟೆ ಬದಲಿಸಲು ಭದ್ರವಾದ, ಸಾಕಷ್ಟು ಕೋಣೆಗಳು ಬೇಕು. ಬಿಟ್ಟ ಬಟ್ಟೆ ಕಣಿವೆಗೆ ಬೀಳದಂತೆ ಒಂದು ಜಾಗ ಗೊತ್ತುಮಾಡಬೇಕು. ಇಡೀ ಸೀರೆಯ ಬದಲು ಹತ್ತಿಯ ಒಂದು ಎಳೆ ಬಿಟ್ಟರೂ ಸಾಕು ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದ ಫಲಕ ಬೇಕು. ಮುಂದಿನ ಉರುಸಿನೊಳಗೆ ಇಷ್ಟಾದರೂ ಮಾಡುತ್ತೀರಾ ಎಂದು ಜಿಲ್ಲಾಡಳಿತವನ್ನೂ ಅಲ್ಲಿನ ಆಡಳಿತ ತಮ್ಮದೆನ್ನುವ ಎರಡೂ ಕಡೆಯವರನ್ನೂ ನಾವು ಕೇಳುತ್ತಿದ್ದೇವೆ.