ಆ ಅಣ್ಣನಿಗೆ ತಂಗಿ ಸಿಕ್ಕಳಾ?

ರಾತ್ರಿ ಒಂಬತ್ತೂವರೆಗೆ ಪಾತ್ರೆ ತೊಳೆದು ಕವುಚಿ ಹಾಕಿ ನಾನು ಕೊಲೆ ನೋಡಲು ಕೂರುತ್ತೇನೆ. ಯಜಮಾನರಿಗೆ ಇದು ಸೇರುವುದಿಲ್ಲ. ‘ಇಂಥದ್ದನ್ನೆಲ್ಲ ನೋಡುವುದು, ಆಮೇಲೆ ನಡುರಾತ್ರಿ ನನ್ನನ್ನೆಬ್ಬಿಸಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆಯಾ ನೋಡಿ ಅನ್ನುವುದು’ ಎಂದು ಗೊಣಗುತ್ತಾ ಮಲಗಲು ಹೋಗುತ್ತಾರೆ. ಪುತ್ತೂರು ಸೀಮೆಯ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಮಗ್ಗಿ ಬಾಯಿಪಾಠ ಮಾಡಿಸಿ ನಿವೃತ್ತಳಾದವಳಿಗೆ ಈ ಚಟ ಅಂಟಿದ್ದು ಕೊರೊನಾ ಕಾಲದಲ್ಲಿ. ಮಗ ಟಿವಿಗೆ ಒಟಿಟಿ ಜೋಡಿಸಿಕೊಟ್ಟು ಬೆಂಗಳೂರಿಗೆ ಹೋದ. ಅವನು ನನಗೆ ಭಕ್ತಿ ಧಾರಾವಾಹಿ ಅಂದುಕೊಂಡಿದ್ದ.

ಮೊದಲು ಹಿಡಿದಿಟ್ಟದ್ದು ಡೆನ್ಮಾರ್ಕಿನ ‘ದಿ ಕಿಲ್ಲಿಂಗ್’. 2007ರದ್ದು. ಇಪ್ಪತ್ತು ಕಂತು, ಒಂದೊಂದು ಕಂತಿಗೆ ಒಂದೊಂದು ದಿನದ ಕಥೆ. ಊರು ಕೋಪನ್‌ಹೇಗನ್, ತಿಂಗಳು ನವೆಂಬರ್, ನಮ್ಮ ಆಷಾಢದ ಹಾಗೆ ಬಿಡದ ಮಳೆ. ಪತ್ತೇದಾರಿಣಿ ಸಾರಾ ಲುಂಡ್ ಒಂದೇ ಉಣ್ಣೆಯ ಸ್ವೆಟರಿನಲ್ಲಿ ದಿನಗಟ್ಟಲೆ ಓಡಾಡುತ್ತಾಳೆ. ಅದು ನನಗೆ ಬಹಳ ಇಷ್ಟವಾಯಿತು. ಕೆಲಸವಿರುವ ಹೆಂಗಸು ಹಾಗೇ ಇರುವುದು. ಆದರೆ ನನ್ನನ್ನು ಕೂರಿಸಿದ್ದು ಅವಳಲ್ಲ, ಸತ್ತ ಹುಡುಗಿಯ ಅಪ್ಪ ಅಮ್ಮ. ಅಪ್ಪ ಮನೆ ಸಾಮಾನು ಸಾಗಿಸುವ ಲಾರಿಗಳ ಮಾಲೀಕ. ಕಾಲುವೆಯಿಂದ ಕಾರನ್ನು ಮೇಲೆತ್ತಿದ ಜಾಗಕ್ಕೆ ಅವನು ಬಂದು ಕೂಗುವಾಗ ಫೋನಿನ ಆ ತುದಿಯಲ್ಲಿ ಹೆಂಡತಿ ಅಷ್ಟನ್ನೂ ಕೇಳಿಸಿಕೊಳ್ಳುತ್ತಿರುತ್ತಾಳೆ. ಹೆಣದ ಮುಖ ತೋರಿಸಿದ್ದರೂ ನನಗೆ ಅಷ್ಟು ನಡುಕ ಬರುತ್ತಿರಲಿಲ್ಲ. ಆಮೇಲೂ ಕಥೆ ಆ ಮನೆ ಬಿಟ್ಟು ಹೋಗುವುದಿಲ್ಲ. ಸಣ್ಣ ಮಕ್ಕಳಿಗೆ ತಿಂಡಿ ಕೊಡಬೇಕು, ಲಾರಿಯ ಲೆಕ್ಕ ನೋಡಬೇಕು, ಶವಪೆಟ್ಟಿಗೆ ಆರಿಸಬೇಕು.

ಅಲ್ಲಿಂದ ನನ್ನದೊಂದು ಅಳತೆಗೋಲು ಹುಟ್ಟಿಕೊಂಡಿತು. ‘ಡಾರ್ಕ್’ ಎಂದು ಮಗ ಹೊಗಳುವ ಧಾರಾವಾಹಿಗಳಲ್ಲಿ ದೀಪ ಮಾತ್ರ ಕಡಿಮೆ ಇರುತ್ತದೆ. ಸತ್ತವರ ಮನೆಗೆ ಎರಡನೆಯ ಕಂತಿನ ಮೇಲೆ ಯಾರೂ ಹೋಗುವುದಿಲ್ಲ.

2023ರಲ್ಲಿ ‘ದಹಾಡ್’ ಬಂತು. ರೀಮಾ ಕಾಗ್ತಿ, ಜೋಯಾ ಅಖ್ತರ್ ಕಟ್ಟಿದ ಎಂಟು ಕಂತಿನ ಹಿಂದಿ ಧಾರಾವಾಹಿ. ರಾಜಸ್ಥಾನದ ಮಂಡಾವಾ ಎಂಬ ಊರು. ಸೋನಾಕ್ಷಿ ಸಿನ್ಹಾ ಸಬ್‌ಇನ್‌ಸ್ಪೆಕ್ಟರ್. ಅವಳ ಮೇಲಧಿಕಾರಿ ನಮ್ಮ ಬೆಂಗಳೂರಿನ ಕೊಡವ ಹುಡುಗ ಗುಲ್ಶನ್ ದೇವಯ್ಯ. ಒಂಟಿ ಹೆಂಗಸರು ಸಾರ್ವಜನಿಕ ಶೌಚಾಲಯಗಳಲ್ಲಿ ಸೈನೈಡ್ ತಿಂದು ಸತ್ತು ಸಿಗುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕ.

ಅಷ್ಟಕ್ಕೇ ನಾನು ರಿಮೋಟ್ ಒತ್ತಿ ನಿಲ್ಲಿಸಿ, ಒಂದು ಲೋಟ ನೀರು ಕುಡಿದೆ. ಇದು ಮರಳುಗಾಡಿನ ಕಥೆಯಲ್ಲ, ನಮ್ಮೂರಿನದು. ಬಂಟ್ವಾಳ ತಾಲ್ಲೂಕಿನ ಮೋಹನ್ ಕುಮಾರ್ 2009ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಾಗ ನಾನು ಏಳನೆಯ ತರಗತಿಗೆ ಗಣಿತ ಹೇಳುತ್ತಿದ್ದೆ. ಅವನೂ ಮೊದಲು ಮೇಷ್ಟ್ರೇ, ನಮ್ಮದೇ ಕಸುಬು. ಮದುವೆಯಾಗುತ್ತೇನೆಂದು ನಂಬಿಸಿ ಬೇರೆ ಊರಿಗೆ ಕರೆದೊಯ್ದು, ಚಿನ್ನ ಬಿಚ್ಚಿಡಿಸಿ, ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಗರ್ಭ ನಿಲ್ಲದ ಮಾತ್ರೆ ಎಂದು ಸೈನೈಡ್ ಕೊಡುತ್ತಿದ್ದ. ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರು. ಹೆಣ ಸಿಕ್ಕ ಊರಿನಲ್ಲಿ ಅದು ಹೆಸರಿಲ್ಲದ ಹೆಣ. ಹುಡುಗಿಯ ಊರಿನಲ್ಲಿ ಅವಳು ‘ಯಾರ ಜೊತೆಗೋ ಹೋದವಳು’. ಎಷ್ಟೋ ಮನೆಯವರು ದೂರೇ ಕೊಟ್ಟಿರಲಿಲ್ಲ. ಈ ಎರಡು ಸಾಲುಗಳನ್ನು ಜೋಡಿಸುವವರು ಬರಲು ವರ್ಷಗಳು ಹಿಡಿದವು. ಮಂಗಳೂರಿನ ನ್ಯಾಯಾಲಯ ಮೊದಲ ಮರಣದಂಡನೆ ವಿಧಿಸಿದ್ದು 2013ರಲ್ಲಿ. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಆ ದಿನಗಳಲ್ಲಿ ಸ್ಟಾಫ್ ರೂಮಿನ ಮಾತು ಏನಿತ್ತು ಗೊತ್ತೇ? ‘ಎಂಥಾ ತಲೆ ಮಾರಾಯ್ತಿ, ತನ್ನ ಕೇಸು ತಾನೇ ವಾದಿಸುತ್ತಾನಂತೆ!’ ಹುಡುಗಿಯರ ಹೆಸರು ನಮ್ಮಲ್ಲಿ ಯಾರಿಗೂ ನಾಲ್ಕಕ್ಕಿಂತ ಹೆಚ್ಚು ನೆನಪಿರಲಿಲ್ಲ.

ನಾನು ಮಾತ್ರ ಪೇಪರಿನ ಫೋಟೊಗಳನ್ನು ಕನ್ನಡಕ ಏರಿಸಿ ನೋಡುತ್ತಿದ್ದೆ. ನನ್ನ ಹಾಜರಿ ಪುಸ್ತಕದಲ್ಲಿ ಒಂದು ಕಾಲಕ್ಕೆ ಮೂರನೆಯ ಹೆಸರಾಗಿದ್ದ ಹುಡುಗಿ, ಆಮೇಲೆ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದವಳು, ಒಂದು ದಿನ ಕಾಣೆಯಾಗಿದ್ದಳು. ಅವಳ ತಾಯಿಯನ್ನು ಸಂತೆಯಲ್ಲಿ ಕಂಡಾಗ ‘ಮಗಳ ಸುದ್ದಿ ಏನು’ ಎಂದು ಕೇಳಲು ನನಗೆ ಸಂಕೋಚ. ಕೇಳಿದರೆ ಆಕೆಗೆ ಅವಮಾನ ಎಂದುಕೊಂಡು ಕಾಯಿಮೆಣಸಿನ ದರ ಮಾತಾಡಿ ಬಂದಿದ್ದೆ. ಫೋಟೊಗಳಲ್ಲಿ ಅವಳಿರಲಿಲ್ಲ. ಕೆಲವು ವರ್ಷಗಳ ನಂತರ ಕಾಸರಗೋಡಿನ ಬಸ್ಸಿನಲ್ಲಿ ಎರಡು ಮಕ್ಕಳೊಂದಿಗೆ ಸಿಕ್ಕಿ ‘ಟೀಚರೇ’ ಎಂದು ಕಾಲು ಮುಟ್ಟಿದಳು. ಬದುಕಿದ್ದಳು, ಚೆನ್ನಾಗಿದ್ದಳು. ನಾವಂತೂ ಹುಡುಕಿರಲಿಲ್ಲ.

ಹೀಗಾಗಿ ‘ದಹಾಡ್’ನ ಮೊದಲ ಕಂತಿನಲ್ಲಿ ನನಗೆ ಮೈ ಜುಂ ಎಂದದ್ದು ವಿಷಕ್ಕಲ್ಲ, ಠಾಣೆಗೆ ಬರುವ ಒಬ್ಬ ಬಡ ಅಣ್ಣನನ್ನು ಕಂಡು. ತಂಗಿ ಕಾಣೆಯಾಗಿದ್ದಾಳೆಂದರೆ ಯಾರೂ ತಲೆ ಎತ್ತುವುದಿಲ್ಲ. ಕೆಳಜಾತಿಯವನು, ಮೇಲಾಗಿ ಅವಳೇ ಹೊರಟು ಹೋದವಳು. ಕೊನೆಗೆ ಅವನು ಮುಸ್ಲಿಂ ಹುಡುಗ ಹಾರಿಸಿಕೊಂಡು ಹೋದ ಎಂದು ಸುಳ್ಳು ಹೇಳುತ್ತಾನೆ. ಆಗ ನೋಡಿ, ಊರಿಗೆ ಊರೇ ಎದ್ದು ನಿಲ್ಲುತ್ತದೆ. 2009ರಲ್ಲಿ ನಮ್ಮ ಕಡೆಯೂ ಒಬ್ಬಳು ಕಾಣೆಯಾದಾಗ ಇಂಥದೇ ಗುಲ್ಲೆದ್ದು, ಆ ಗದ್ದಲದ ತನಿಖೆಯಲ್ಲೇ ಮೋಹನ್ ಸಿಕ್ಕಿದ್ದು. ಬರೆದವರು ಇದನ್ನು ಬಿಡದೆ ಹಿಡಿದಿದ್ದಾರೆ. ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ತಕರಾರು ಇರುವುದು ಮುಂದಿನ ಕಂತುಗಳ ಬಗ್ಗೆ. ಕೊಲೆಗಾರ ಯಾರೆಂದು ನಮಗೆ ಬೇಗನೆ ತಿಳಿಸಿಬಿಡುತ್ತಾರೆ. ಇಲ್ಲಿಯೂ ಮೇಷ್ಟ್ರೇ ಆದ ಆ ಪಾತ್ರವನ್ನು ವಿಜಯ್ ವರ್ಮಾ ಚೆನ್ನಾಗಿಯೇ ಮಾಡಿದ್ದಾನೆ. ಆ ನಯವಾದ ಮೇಷ್ಟ್ರ ನಗು ನೋಡಿ ನನಗೇ ನಾಚಿಕೆಯಾಯಿತು. ಆದರೆ ಕಥೆ ಅವನ ಹಿಂದೆಯೇ ಹೋಗುತ್ತದೆ. ಅವನ ಹೆಂಡತಿ, ಅವನ ಅಪ್ಪ, ಅವನ ಬಾಲ್ಯ. ಸತ್ತವರಿಗೆ ಬಾಲ್ಯ ಇರಲಿಲ್ಲವೇ? ಯಾವಳೋ ಒಬ್ಬಳು ಕಬಡ್ಡಿ ಆಡುತ್ತಿದ್ದಿರಬಹುದು, ಇನ್ನೊಬ್ಬಳು ಮಗ್ಗಿಯಲ್ಲಿ ಹದಿಮೂರಕ್ಕೆ ಎಡವುತ್ತಿದ್ದಿರಬಹುದು. ಹಾಗೊಂದು ಕಂತು ಮಾಡಿದರೆ ‘ಎಳೆದಿದ್ದಾರೆ’ ಅನ್ನುತ್ತಾರಂತೆ ಜನ. ಮಗನೇ ಅಂದದ್ದು. ಡೆನ್ಮಾರ್ಕಿನವರು ಇಪ್ಪತ್ತು ಕಂತು ಎಳೆದರು, ನಾನು ಒಂದನ್ನೂ ಬಿಡದೆ ನೋಡಿದೆ.

ಈ ಕಥೆಯನ್ನು ಮರುದಿನ ಪಕ್ಕದ ಮನೆಯ ಜಗಲಿಯಲ್ಲಿ ಹೇಳಿದೆ. ಅಲ್ಲಿಯಾಕೆ ಸೂಪು ತೊಡೆಯ ಮೇಲಿಟ್ಟು ಬೀಡಿ ಎಲೆ ಕತ್ತರಿಸುತ್ತಾ ಕೇಳಿಸಿಕೊಂಡಳು. ಸೈನೈಡ್, ಮೇಷ್ಟ್ರು, ಮರಳುಗಾಡು, ಎಲ್ಲ ಹೇಳಿದೆ. ಸಿಕ್ಕಿಬಿದ್ದನಾ ಎಂದು ಕೇಳುತ್ತಾಳೆಂದುಕೊಂಡಿದ್ದೆ.

‘ಆ ಅಣ್ಣನಿಗೆ ತಂಗಿ ಸಿಕ್ಕಳಾ?’ ಎಂದಳು.

ಇಲ್ಲ ಎಂದೆ. ಅವಳ ಕತ್ತರಿ ಸ್ವಲ್ಪ ಹೊತ್ತು ನಿಂತಿತು.